ಎರಡು ಗುಡ್ಡದ ನಡುವಿನ ಸೂರ್ಯ

ಕಾರವಾರದ ಯಾವುದಾದರೂ ಹೈಸ್ಕೂಲಿನ ಎಂಟನೇ ತರಗತಿಗೆ ಹೋಗಿ ‘ಒಂದು ನಿಸರ್ಗ ಚಿತ್ರ ಬಿಡಿಸಿ’ ಎಂದರೆ ಹಾಳೆಯ ಮೇಲೆ ಏನು ಬರುತ್ತದೆ ಎನ್ನುವುದು ಚಿತ್ರಕಲಾ ಶಿಕ್ಷಕರಿಗೆ ಮೊದಲೇ ಗೊತ್ತಿರುತ್ತದೆ. ಎರಡು ತ್ರಿಕೋನ ಗುಡ್ಡ, ನಡುವೆ ಅರ್ಧ ಸೂರ್ಯ, ಕಡ್ಡಿ ಕಡ್ಡಿಯಾಗಿ ಕಿರಣ. ಗುಡ್ಡದ ಬುಡದಲ್ಲಿ ಹುಟ್ಟಿ ಕೆಳಗೆ ಬರುತ್ತ ಬರುತ್ತ ಅಗಲವಾಗುವ ಹೊಳೆ, ದಡದಲ್ಲೊಂದು ಗುಡಿಸಲು, ಸೊಂಟ ಬಾಗಿದ ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ಕಿಟಕಿ ಆಚೆ ಅರಬ್ಬೀ ಸಮುದ್ರ ಇರುತ್ತದೆ. ದಿನಾ ಸಂಜೆ ಸೂರ್ಯ ನೀರಿಗಿಳಿಯುವುದನ್ನು ಕಂಡೇ ಮಕ್ಕಳು ಮನೆಗೆ ಹೋಗುತ್ತಾರೆ. ಹಾಳೆ ಕೊಟ್ಟ ಕೂಡಲೇ ಸಮುದ್ರ ಮಾಯ.

ಇಂಥದ್ದೇ ಒಂದು ತರಗತಿಯಲ್ಲಿ ಮಾಸ್ತರು ಹಾಳೆಗಳನ್ನೆಲ್ಲ ಗೋಡೆಗೆ ಅಂಟಿಸಿ ಕೇಳಿದರು: “ನಮ್ಮೂರಲ್ಲಿ ಸೂರ್ಯ ಮುಳುಗೂದು ಸಮುದ್ರಕ್ಕಲ್ವಾ? ಈ ಗುಡ್ಡ ಯಾವೂರಿಂದು?” ಮಕ್ಕಳು ನಕ್ಕರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ. ಕಾಳಿ ಹೊಳೆಯ ದಂಡೆಯಿಂದ ಬರುವವಳು. “ಇದು ಸಂಜೆ ಅಲ್ಲ ಸರ್, ಬೆಳಿಗ್ಗೆ. ನಮ್ಮನೆ ಎದುರು ಹೀಂಗೇ ಕಾಣ್ತದೆ” ಅಂದಳು. ಅವಳು ಹೇಳಿದ್ದು ಸರಿ. ಹೊಳೆಯ ಬಾಯಲ್ಲಿ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಎದುರಿಗೆ ಸಹ್ಯಾದ್ರಿಯ ಸಾಲು, ಅದರ ಹಿಂದಿನಿಂದ ಸೂರ್ಯ, ಅಲ್ಲಿಂದ ನಮ್ಮ ಕಡೆಗೆ ಅಗಲವಾಗುತ್ತ ಬರುವ ನೀರು. ದಡದಲ್ಲಿ ತೆಂಗು ಬೇರೆ. ನಾವು ವರ್ಷಗಟ್ಟಲೆ ‘ಕಾಪಿ ಚಿತ್ರ’ ಎಂದು ಬದಿಗೆ ಸರಿಸಿದ್ದು ಆ ಹುಡುಗಿಯ ಮಟ್ಟಿಗೆ ಮನೆ ಮುಂದಿನ ನೋಟ. ಉಳಿದವರು ನಕಲು ಮಾಡಿದ್ದು ಖರೆ. ಆದರೆ ಅದನ್ನು ತಿಳಿಯಲು ಅವರನ್ನು ಯಾರೂ ಕೇಳಿರಲಿಲ್ಲ, ಮಾಸ್ತರು ಕೇಳಿದ್ದೂ ನಗಿಸಲಿಕ್ಕೆ.

ಅನ್ವೇಷಣೆ ಆಧಾರಿತ ಕಲಿಕೆ ಎಂಬ ಮಾತು ತರಬೇತಿಗಳಲ್ಲಿ ಬಂದಾಗಲೆಲ್ಲ ಈ ಹಾಳೆ ಕಣ್ಣ ಮುಂದೆ ಬರುತ್ತದೆ. ಮಕ್ಕಳ ತಲೆಯಲ್ಲಿ ಸಿದ್ಧ ಉತ್ತರವಿದೆ, ಅದನ್ನು ಪ್ರಶ್ನೆಯಿಂದ ಅಲ್ಲಾಡಿಸಬೇಕು ಎನ್ನುತ್ತಾರೆ. ನಮ್ಮ ತಲೆಯಲ್ಲಿರುವ ಸಿದ್ಧ ಉತ್ತರದ ಸುದ್ದಿ ಎತ್ತುವುದಿಲ್ಲ. ಪ್ರಶ್ನೆ ಕೇಳುವವರಿಗೆ ಉತ್ತರ ಮೊದಲೇ ಗೊತ್ತಿದ್ದರೆ ಅದು ರಸಪ್ರಶ್ನೆ. ಚಿತ್ರಕಲೆಯ ಪೀರಿಯಡ್ಡಿನಲ್ಲಿ ಉತ್ತರ ಹೇಳಬೇಕಾದದ್ದು ಶಿಕ್ಷಕರೂ ಅಲ್ಲ, ಮೊಬೈಲೂ ಅಲ್ಲ, ಕೈಯಲ್ಲಿರುವ ವಸ್ತು. ಬಣ್ಣ, ಮಣ್ಣು, ಸುಣ್ಣ, ಕಾಗದ ಇವಕ್ಕೆ ಯಾರ ಮುಲಾಜೂ ಇಲ್ಲ.

ಕೈ ಉತ್ತರ ಕೊಡುವ ಪ್ರಶ್ನೆ

‘ಕಾವಿ ಕಲೆ (ಹಳೆಯ ಗುಡಿಗಳ ಗೋಡೆಯ ಕೆಂಪು-ಬಿಳಿ ಚಿತ್ರ) ಎಂದರೇನು?’ ಎಂದು ಕೇಳಿದರೆ ಮರುದಿನ ನಲವತ್ತು ಪಟ್ಟಿಗಳಲ್ಲಿ ಒಂದೇ ಪ್ಯಾರಾ ಬರುತ್ತದೆ, ಅಂತರ್ಜಾಲದ ಅಲ್ಪವಿರಾಮಗಳ ಸಮೇತ. ‘ಈ ಚಿತ್ರ ನೋಡಿದರೆ ನಿಮಗೆ ಏನನ್ನಿಸುತ್ತದೆ?’ ಎಂದರೆ ‘ಚಂದ ಅನ್ನಿಸುತ್ತದೆ ಸರ್’, ಅಲ್ಲಿಗೆ ಮಂಗಳ. ಮೊದಲನೆಯದಕ್ಕೆ ಹುಡುಕುವ ಕೆಲಸವೇ ಇಲ್ಲ. ಎರಡನೆಯದಕ್ಕೆ ತಪ್ಪುವ ದಾರಿಯೇ ಇಲ್ಲ. ತಪ್ಪಲಾರದ ಪ್ರಶ್ನೆಯಿಂದ ಮಗು ಏನನ್ನೂ ಕಲಿಯುವುದಿಲ್ಲ.

ಅದೇ ಮಕ್ಕಳನ್ನು ಕಾವಿ ಗೋಡೆಯೊಂದರ ಮುಂದೆ ನಿಲ್ಲಿಸಿ, ‘ಇಲ್ಲಿ ಬಿಳಿ ಗೆರೆ ಇದೆ. ಬಿಳಿ ಬಣ್ಣ ಬಳಿದಿದ್ದಾರೋ, ಇಲ್ಲವೋ?’ ಎಂದು ಕೇಳಿ ನೋಡಿ. ಹತ್ತು ನಿಮಿಷದಲ್ಲಿ ತರಗತಿ ಎರಡು ಪಕ್ಷವಾಗುತ್ತದೆ. ಕಣ್ಣಿಟ್ಟು ನೋಡಿದರೆ ಗೋಡೆಯಲ್ಲೇ ಸಾಕ್ಷಿ ಇದೆ. ಅಷ್ಟಕ್ಕೂ ಸಮಾಧಾನವಾಗದಿದ್ದರೆ ನಾವೇ ಮಾಡಿ ನೋಡಬಹುದು. ಒಂದು ಪ್ರಶ್ನೆಯನ್ನು ತರಗತಿಗೆ ಒಯ್ಯುವ ಮುಂಚೆ ಇಷ್ಟು ಪರೀಕ್ಷೆ ಸಾಕು: ಇಬ್ಬರು ಬುದ್ಧಿವಂತ ಮಕ್ಕಳು ಬೇರೆ ಬೇರೆ ಉತ್ತರ ಕೊಡಬಹುದೇ, ಯಾರದು ಸರಿ ಎಂದು ತೋರಿಸುವ ವಸ್ತು ಕೈಗೆ ಸಿಗುವಂತಿದೆಯೇ. ಎರಡಕ್ಕೂ ಹೌದು ಅನ್ನಿಸದಿದ್ದರೆ ಆ ದಿನ ವಸ್ತು ಚಿತ್ರವನ್ನೇ ಬರೆಸುವುದು ವಾಸಿ. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ತಂಬಿಗೆಯ ಬಾಯಿ ಮೇಲಿನಿಂದ ನೋಡಿದಾಗ ಎಷ್ಟು ಅಗಲದ ಅಂಡಾಕಾರವಾಗಿ ಕಾಣುತ್ತದೆ ಎಂಬುದು ಕೆಟ್ಟ ಪ್ರಶ್ನೆಯೇನಲ್ಲ.

ಗೋಡೆಯ ಮುಂದೆ ಇಪ್ಪತ್ತು ನಿಮಿಷ

ಕಾವಿಗೆ ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಿವೆ. ಕರಾವಳಿಯಲ್ಲಿ ಅಂಕೋಲಾ, ಗೋಕರ್ಣ, ಕುಮಟಾ, ಭಟ್ಕಳದ ಕಡೆಯ ಹಳೆಯ ಗುಡಿಗಳಲ್ಲಿ ಅಲ್ಲಲ್ಲಿ ಉಳಿದಿದೆ. (ಉಳಿದಿದೆ ಎಂಬ ಮಾತನ್ನು ಹೋಗಿ ನೋಡಿಯೇ ನಂಬಬೇಕು. ಜೀರ್ಣೋದ್ಧಾರ ಅಂದರೆ ಎಣ್ಣೆ ಬಣ್ಣ ಮತ್ತು ಹೊಳೆಯುವ ಟೈಲ್ಸ್ ಎಂದಾಗಿರುವ ಕಾಲ. ಮಕ್ಕಳನ್ನು ಬಸ್ಸು ಹತ್ತಿಸುವ ಮೊದಲು ಒಬ್ಬರು ಹೋಗಿ ಗೋಡೆ ಇದೆಯೋ ಇಲ್ಲವೋ ನೋಡಿ, ಆಡಳಿತದವರ ಒಪ್ಪಿಗೆ ತೆಗೆದುಕೊಂಡು ಬರಬೇಕು.) ಹೋಗುವುದು ಬೆಳಿಗ್ಗೆ ಬೇಗ ಅಥವಾ ಸಂಜೆ. ಬೆಳಕು ಓರೆಯಾಗಿ ಬಿದ್ದಾಗ ಗೆರೆಯ ಅಂಚಿನಲ್ಲಿ ಕೂದಲೆಳೆಯಷ್ಟು ನೆರಳು ಕಾಣುತ್ತದೆ, ನಡು ಮಧ್ಯಾಹ್ನ ಅದು ಕಾಣುವುದಿಲ್ಲ. ಒಳಗಿನ ಗೋಡೆಯಾದರೆ ಒಂದು ಟಾರ್ಚನ್ನು ಗೋಡೆಗೆ ಸಮವಾಗಿ ಹಿಡಿದರೆ ಅದೇ ಕೆಲಸವಾಗುತ್ತದೆ. ಮುಟ್ಟಬಾರದು, ಫೋಟೋ ತೆಗೆಯಬಾರದು. ಒಂದು ಅಂಗೈಯಷ್ಟು ಜಾಗ ಆರಿಸಿಕೊಂಡು ಇಪ್ಪತ್ತು ನಿಮಿಷ ಅದನ್ನೇ ಬರೆಯಬೇಕು. ಮೊದಲ ಐದು ನಿಮಿಷಕ್ಕೆ ಎಲ್ಲರದೂ ಮುಗಿದಿರುತ್ತದೆ, ನಿಜವಾದ ನೋಟ ಶುರುವಾಗುವುದು ಆಮೇಲೆ.

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದ್ದ ಫಿಲಿಪ್ ಯೆನವೈನ್ ಮತ್ತು ಮನೋವಿಜ್ಞಾನಿ ಅಬಿಗೈಲ್ ಹೌಸನ್ ರೂಪಿಸಿದ ಮೂರು ಪ್ರಶ್ನೆಗಳು ಈ ಹೊತ್ತಿಗೆ ಒದಗುತ್ತವೆ: ಇಲ್ಲಿ ಏನು ನಡೆಯುತ್ತಿದೆ, ಹಾಗೆ ಹೇಳಲು ನಿನಗೆ ಏನು ಕಂಡಿತು, ಇನ್ನೇನು ಕಾಣುತ್ತದೆ. ಇದರಲ್ಲಿ ಜೀವ ಇರುವುದು ನಡುವಿನ ಪ್ರಶ್ನೆಯಲ್ಲಿ. ‘ಬ್ರಶ್ಶಿನಿಂದ ಬರೆದಿದ್ದು’ ಎಂದ ಹುಡುಗನಿಗೆ ‘ತಪ್ಪು’ ಎನ್ನಬೇಡಿ, ‘ಏನು ಕಂಡಿದ್ದಕ್ಕೆ ಹಾಗೆ ಹೇಳಿದೆ?’ ಎನ್ನಿ. ಅವನು ಮತ್ತೆ ಗೋಡೆಗೆ ಹೋಗುತ್ತಾನೆ. ಬ್ರಶ್ಶಿನ ಗೆರೆ ಶುರುವಿನಲ್ಲಿ ದಪ್ಪ, ಕೊನೆಯಲ್ಲಿ ಸಪುರ. ಇಲ್ಲಿ ಗೆರೆ ಎಲ್ಲೆಡೆ ಒಂದೇ ಅಗಲ, ಬಿಳಿ ಇರುವುದು ಕೆಂಪಿಗಿಂತ ಒಳಗೆ, ಹೂವಿನ ವೃತ್ತದ ನಟ್ಟನಡುವೆ ಸೂಜಿಮೊನೆಯಷ್ಟು ಕುಳಿ. “ಕೈವಾರ ಊರಿದ್ದು!” ಎಂದು ಯಾರಾದರೂ ಕೂಗಿದರೆ ಆ ದಿನದ ಪಾಠ ಮುಗಿಯಿತು. ಕೆಂಪು ಗಾರೆ ಹಸಿಯಿರುವಾಗ ಗೀರಿ ತೆಗೆದು ಕೆಳಗಿನ ಸುಣ್ಣದ ಬಿಳಿ ಕಾಣಿಸಿದ್ದು ಎಂಬುದನ್ನು ಮಕ್ಕಳೇ ಹೇಳಿದ ಮೇಲೆ ಕಾವಿ ಎಂಬ ಹೆಸರನ್ನು ನೀವು ಹೇಳಬಹುದು, ಮೊದಲೇ ಬೇಡ.

ಹಂಚು, ಸುಣ್ಣ, ಕೆಂಪು

ಶಾಲೆಗೆ ಮರಳಿದ ಮೇಲೆ ಮಾಡಿ ನೋಡುವ ಭಾಗ. ನಲವತ್ತು ಮಕ್ಕಳಿದ್ದರೆ ಐದೈದು ಜನರ ಎಂಟು ಗುಂಪು, ಗುಂಪಿಗೊಂದು 8 ಇಂಚು ಚದರದ ಚಪ್ಪಟೆ ಮಣ್ಣಿನ ಹಂಚು. ನುಣುಪು ಮೆರುಗಿನ ಟೈಲ್ಸ್ ಆಗುವುದಿಲ್ಲ, ಗಾರೆ ಹಪ್ಪಳದಂತೆ ಎದ್ದು ಬರುತ್ತದೆ. ಹಂಚನ್ನು ಹಿಂದಿನ ರಾತ್ರಿಯೇ ನೀರಲ್ಲಿ ಮುಳುಗಿಸಿಡಬೇಕು. ಒಣ ಹಂಚು ಗಾರೆಯ ನೀರನ್ನೆಲ್ಲ ಹೀರಿಕೊಂಡು ಅದನ್ನು ಪುಡಿಪುಡಿ ಮಾಡುತ್ತದೆ.

ಮೊದಲ ಪದರಕ್ಕೆ ಬೆಣ್ಣೆಯಷ್ಟು ಗಟ್ಟಿಯ, ಅರಳಿಸಿ ಆರಿದ ಸುಣ್ಣ 100 ಮಿಲಿ, ಜರಡಿ ಹಿಡಿದ ಹೊಳೆ ಮರಳು 200 ಮಿಲಿ. ದಪ್ಪ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು. ಮೇಲ್ಮೈಯನ್ನು ಮೊಳೆಯಿಂದ ಗೀಚಿ ಒರಟು ಮಾಡಿ, ಒದ್ದೆ ಗೋಣಿತಾಟು ಹೊದಿಸಿ, ಮೂರು ದಿನ ನೀರು ಚಿಮುಕಿಸಿ, ಮುಂದಿನ ಶನಿವಾರದವರೆಗೆ ನೆರಳಿನಲ್ಲಿ ಬಿಡುವುದು. ಬಿಸಿಲಿಗಿಟ್ಟರೆ ಬೇಗ ಗಟ್ಟಿಯಾಗುತ್ತದೆ ಎಂದು ಮಕ್ಕಳು ವಾದಿಸುತ್ತಾರೆ. ಒಂದು ಗುಂಪಿಗೆ ಇಡಲು ಬಿಡಿ. ಸುಣ್ಣದ ಗಾರೆ ಗಟ್ಟಿಯಾಗುವುದು ಬರೀ ಒಣಗಿ ಅಲ್ಲ. ತೇವ ಇರುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನಕ್ಕೆ ಮತ್ತೆ ಸುಣ್ಣಕಲ್ಲಾಗುತ್ತದೆ. ತೇವ ಹಾರಿಹೋದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಬಿರುಕು ಬಿಡುತ್ತದೆ, ಉಜ್ಜಿದರೆ ಕೈಗೆ ಹಿಟ್ಟು ಹತ್ತುತ್ತದೆ.

ಆ ಶನಿವಾರ ಬೆಳಿಗ್ಗೆ 8ಕ್ಕೇ ಶುರು. ಹಂಚಿಗೆ ಮತ್ತೆ ನೀರು ಕುಡಿಸಿ ಬಿಳಿ ಪದರ: ಸುಣ್ಣ 50 ಮಿಲಿ, ಬಿಳಿ ಪುಡಿ 50 ಮಿಲಿ. ಇಲ್ಲಿ ಹೊಳೆ ಮರಳು ಹಾಕಿದರೆ ಗೀರಿದಾಗ ಬೂದು ಬರುತ್ತದೆ, ಕಲ್ಲಿನ ರಂಗೋಲಿ ಪುಡಿ ಇದಕ್ಕೆ ಸಾಕು. ಅದು ಬಿಗಿಯುತ್ತಿದ್ದ ಹಾಗೆ ಕೆಂಪು ಪದರ: ಸುಣ್ಣ 40 ಮಿಲಿ, ಮೊದಲೇ ನೀರಲ್ಲಿ ಕಲಸಿಟ್ಟ ಕೆಂಪು ಆಕ್ಸೈಡ್ ಒಂದು ಚಮಚ. ಹಾರ್ಡ್‌ವೇರ್ ಅಂಗಡಿಯಲ್ಲಿ ನೆಲಕ್ಕೆಂದು ಮಾರುವುದೇ ಆಗುತ್ತದೆ. ಬಣ್ಣ ಗಾಢವಾಗಲಿ ಎಂದು ಮೂರು ಚಮಚ ಸುರಿದರೆ ಹಿಡಿದಿಡುವ ಸುಣ್ಣ ಕಡಿಮೆಯಾಗಿ ಕೆಂಪು ಅಂಗೈಗೆ ಬರುತ್ತದೆ. ದಪ್ಪ ಒಂದು ಮಿಲಿಮೀಟರ್, ಅಂದರೆ ಎಟಿಎಂ ಕಾರ್ಡಿಗಿಂತ ಸ್ವಲ್ಪ ಜಾಸ್ತಿ. ಬಿಗಿಯುವಾಗ ಸ್ಟೀಲ್ ಚಮಚದ ಬೆನ್ನಿನಿಂದ ಒತ್ತಿ ಉಜ್ಜಬೇಕು, ಇಲ್ಲವಾದರೆ ಕೂದಲು ಬಿರುಕು.

ಗೀರುವ ಹೊತ್ತೇ ಇಡೀ ಕೆಲಸದ ಗುಟ್ಟು. ಹೆಬ್ಬೆರಳು ಒತ್ತಿದರೆ ಬಣ್ಣ ಹತ್ತಬಾರದು, ಉಗುರು ಒತ್ತಿದರೆ ಗುರುತು ಬೀಳಬೇಕು. ಮುಂಚೆ ಗೀರಿದರೆ ಕೆಂಪು ಬಿಳಿಗೆ ಬಳಿದುಕೊಂಡು ಗುಲಾಬಿ ಆಗುತ್ತದೆ, ತಡವಾದರೆ ಅಂಚು ಬಿಸ್ಕೀಟಿನಂತೆ ಮುರಿಯುತ್ತದೆ. ಜನವರಿಯ ಒಣ ಹವೆಯಲ್ಲಿ ಆ ಹೊತ್ತು ಒಂದೆರಡು ತಾಸಿನಲ್ಲಿ ಬಂದು ಹೋಗುತ್ತದೆ, ಮಳೆಗಾಲದಲ್ಲಿ ಮರುದಿನ ಬೆಳಿಗ್ಗೆಯೂ ಬಂದಿರುವುದಿಲ್ಲ. ಹಾಗಾಗಿ ಇದು ನವೆಂಬರಿನಿಂದ ಫೆಬ್ರವರಿವರೆಗಿನ ಕೆಲಸ. ಮೊಳೆ, ಕೈವಾರ, ಮುರಿದ ಹ್ಯಾಕ್‌ಸಾ ಬ್ಲೇಡು, ಬಿದಿರ ಕಡ್ಡಿ ಯಾವುದಾದರೂ ಆದೀತು. ಯಾವುದರ ಗೆರೆ ಹೇಗೆ ಬಂತೆಂದು ಹಂಚಿನ ಅಂಚಿನಲ್ಲೇ ಗೀರಿ ಬರೆದಿಡಬೇಕು.

ಪ್ರತಿ ಗುಂಪೂ ಒಂದೇ ಒಂದು ಸಂಗತಿಯನ್ನು ಬದಲಿಸಬಹುದು, ಎರಡನ್ನು ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಒಂದು ಗುಂಪು ತಪ್ಪದೆ ಕೇಳುವುದು ‘ಸಮುದ್ರದ ಮರಳು ಹಾಕಿದರೇನು?’ ಎಂದು. ಹಾಕಲಿ. ಜನವರಿಯ ಹೊತ್ತಿಗೆ ಕೆಂಪಿನ ಮೇಲೆ ಹತ್ತಿಯಂಥ ಬಿಳಿ ಹೂ ಏಳುತ್ತದೆ. ಜೂನಿನಲ್ಲಿ ಅದೇ ಹೂ ಕಾಣೆಯಾಗಿ ಹಂಚು ಬೆವರಿದಂತೆ ಒದ್ದೆಯಾಗುತ್ತದೆ. ಗಾಳಿಯ ತೇವ ಮುಕ್ಕಾಲು ಪಾಲು ದಾಟಿದರೆ ಉಪ್ಪು ಆ ತೇವವನ್ನು ಕುಡಿದು ಕರಗುತ್ತದೆ. ದಂಡೆಯ ಹಳೆ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಈ ಗೋಡೆ ಗೊತ್ತು, ಕಾರಣ ಮಾತ್ರ ಗೊತ್ತಿರುವುದಿಲ್ಲ. ಅದೇ ಮರಳನ್ನು ಸಿಹಿನೀರಿನಲ್ಲಿ ನಾಲ್ಕೈದು ಸಲ ತೊಳೆದು, ಪ್ರತಿ ಸಲದ ನೀರಿನ ಒಂದು ಹನಿಯನ್ನು ಗಾಜಿನ ಚೂರಿನ ಮೇಲೆ ಒಣಗಿಸಿದರೆ ಉಪ್ಪಿನ ಉಂಗುರ ಸಪುರವಾಗುತ್ತ ಹೋಗುವುದು ಕಾಣುತ್ತದೆ. ವಿಜ್ಞಾನದ ಮಾಸ್ತರು ಸಿಟ್ಟಾಗದಿದ್ದರೆ ಅವರ ಪೀರಿಯಡ್ಡೂ ಸಿಗುತ್ತದೆ.

ಓಕುಳಿಯ ಕೆಂಪು

ಆಕ್ಸೈಡಿನ ಡಬ್ಬಿ ತೆರೆದಾಗ ಆ ತರಗತಿಯ ಹುಡುಗನೊಬ್ಬ, “ಅಂಗಡಿ ಕೆಂಪು ಎಂತಕ್ಕೆ? ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಕೆಂಪು ಆಗ್ತದಲ್ಲ, ಓಕುಳಿಗೆ ಹಾಕೂದು ಅದನ್ನೇ” ಅಂದ. ಇಲ್ಲಿ ಶಿಕ್ಷಕರ ನಾಲಿಗೆ ತುದಿಗೆ ‘ಅದು ನಿಲ್ಲುವುದಿಲ್ಲ’ ಎಂಬ ಮಾತು ಬಂದೇ ಬರುತ್ತದೆ. ಆ ದಿನ ಹೇಗೋ ಬರಲಿಲ್ಲ. ಹುಡುಗನ ಗುಂಪು ಎರಡು ಚಮಚ ಅರಿಶಿನ ಕಲಸಿತು. ಬಂದ ಕೆಂಪು ಎಂಥದ್ದು! ಆಕ್ಸೈಡಿನ ಇಟ್ಟಿಗೆ ಬಣ್ಣ ಅದರ ಎದುರು ಮಂಕು. ಉಳಿದ ಏಳು ಗುಂಪಿನವರು ತಮ್ಮ ಹಂಚು ಬಿಟ್ಟು ಅದನ್ನೇ ನೋಡಲು ಬಂದರು. ಗೀರಿದ ನವಿಲೂ ಚೆನ್ನಾಗಿಯೇ ಬಂತು. ಹಂಚನ್ನು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿದರು.

ಮೂರನೇ ದಿನಕ್ಕೆ ಅಂಚು ಕಿತ್ತಳೆಯಾಯಿತು. ಮುಂದಿನ ವಾರಕ್ಕೆ ನವಿಲು ಹಳದಿ, ಅದರ ಮುಂದಿನ ವಾರಕ್ಕೆ ಬಿಸಿಲು ಬೀಳುವ ಕಡೆ ಬರೀ ಕೆನೆ. ಹಂಚಿನ ಮೇಲೆ ಒಂದು ಕಡೆ ಕಿಟಕಿ ಪಟ್ಟಿಯ ನೆರಳು ಬೀಳುತ್ತಿತ್ತು, ಅಲ್ಲಿ ಮಾತ್ರ ಹಳದಿ ಇನ್ನೂ ಉಳಿದಿತ್ತು. ಹುಡುಗ ಅದನ್ನು ನೋಡುತ್ತ ನಿಂತು, ಬಿಸಿಲು ಒಂದು ಕಾರಣ ಎಂದ. ಆದರೆ ನೆರಳಲ್ಲೂ ಕೆಂಪು ಯಾಕೆ ಹೋಯಿತು? ಅವನೇ ಸುಣ್ಣದ ತಿಳಿನೀರಿನಲ್ಲಿ ಅದ್ದಿದ ಬಟ್ಟೆ ತಂದು ಆ ಹಳದಿಗೆ ಒತ್ತಿದ. ಒತ್ತಿದ ಕಡೆ ಮತ್ತೆ ಕೆಂಪು! ಅಂದರೆ ಅರಿಶಿನ ಅಲ್ಲೇ ಇದೆ, ಸುಣ್ಣದ ಖಾರ ಹೋಗಿದೆ. ಗಾರೆ ಕಲ್ಲಾಗುತ್ತ ಕ್ಷಾರ ಕಳೆದುಕೊಳ್ಳುತ್ತದೆ ಎಂಬುದು ಪುಸ್ತಕದ ಮಾತು. ಹುಡುಗನ ಪಟ್ಟಿಯಲ್ಲಿ ಅದು ‘ಸುಣ್ಣ ಸಾಯುತ್ತದೆ, ಕೆಂಪುಮಣ್ಣಿಗೆ ಸುಣ್ಣದ ಹಂಗಿಲ್ಲ’ ಎಂದಾಯಿತು. ಮಣ್ಣಿನ ಬಣ್ಣವನ್ನೇ ಹಳಬರು ಯಾಕೆ ಹಿಡಿದರು ಎಂಬುದಕ್ಕೆ ಇದಕ್ಕಿಂತ ಒಳ್ಳೆ ವಾಕ್ಯ ಬೇಕಿಲ್ಲ. ‘ಅದು ನಿಲ್ಲುವುದಿಲ್ಲ’ ಎಂದು ಮೊದಲೇ ಹೇಳಿದ್ದರೆ ಒಂದು ಸರಿಯುತ್ತರ ಉಳಿಯುತ್ತಿತ್ತು, ಈ ವಾಕ್ಯ ಹುಟ್ಟುತ್ತಿರಲಿಲ್ಲ.

ಮಾತಾಡುವುದು, ಸುಮ್ಮನಿರುವುದು

ಹಾಗೆಂದು ಎಲ್ಲವನ್ನೂ ಮಕ್ಕಳೇ ಕಂಡುಕೊಳ್ಳಲಿ ಎಂದು ಕೈಕಟ್ಟಿ ಕೂರುವುದು ಸೋಮಾರಿತನ. ಸುಣ್ಣ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂಬುದು ಅನ್ವೇಷಣೆಯ ವಿಷಯವಲ್ಲ. ಸುಟ್ಟ ಸುಣ್ಣಕ್ಕೆ ನೀರು ಹಾಕುವ ಕೆಲಸ ಶಾಲೆಯಲ್ಲಿ ಬೇಡವೇ ಬೇಡ, ಅದು ಕುದಿದು ಸಿಡಿಯುತ್ತದೆ. ಅರಳಿಸಿದ ಸುಣ್ಣಕ್ಕೂ ಕೈಗವಸು, ಕನ್ನಡಕ, ಪಕ್ಕದಲ್ಲಿ ಸಿಹಿನೀರಿನ ನಲ್ಲಿ ಇರಲೇಬೇಕು. ಕಣ್ಣಿಗೆ ಹಾರಿದರೆ ಕನಿಷ್ಠ ಕಾಲು ತಾಸು ಹರಿಯುವ ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ. ಕರಣೆ ಹಿಡಿಯುವ ರೀತಿಯನ್ನೂ ತೋರಿಸಿಕೊಡಬೇಕು, ಊರಿನ ಗಾರೆ ಕೆಲಸದವರೊಬ್ಬರು ಅರ್ಧ ತಾಸು ಬಂದರೆ ಇನ್ನೂ ಒಳ್ಳೆಯದು. ಜೀವಕ್ಕೆ ಸಂಬಂಧಿಸಿದ್ದು, ಕೈಚಳಕಕ್ಕೆ ಸಂಬಂಧಿಸಿದ್ದು ಹೇಳಿ. ಕಾರಣಕ್ಕೆ ಸಂಬಂಧಿಸಿದ್ದನ್ನು ತಡೆಹಿಡಿಯಿರಿ.

ತಡೆಹಿಡಿಯುವುದು ಕಷ್ಟ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಕಂಡುಕೊಂಡಿದ್ದು, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದೇ ಸೆಕೆಂಡು ಕಾಯುತ್ತಾರೆ ಎಂದು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಮೂರು ಸೆಕೆಂಡು ಎಂದರೆ ಎಷ್ಟು ಉದ್ದ ಎಂಬುದು ತರಗತಿಯಲ್ಲಿ ನಿಂತು ಎಣಿಸಿದರೇ ಗೊತ್ತಾಗುವುದು.

ಅಂಕದ ತಕರಾರು ಇದ್ದೇ ಇದೆ. ಹಂಚು ಚಂದ ಬಂದವರಿಗೆ ಪೂರ್ತಿ ಅಂಕ ಕೊಟ್ಟರೆ ಮುಂದಿನ ವರ್ಷ ಅರಿಶಿನ ಯಾರೂ ಹಾಕುವುದಿಲ್ಲ. 10ರಲ್ಲಿ ಹಂಚಿಗೆ 3, ಗೋಡೆಯ ಮುಂದೆ ಬರೆದ ಹಾಳೆಗೆ 3, ಏನು ಕೆಟ್ಟಿತು ಮತ್ತು ಯಾಕೆ ಎಂದು ಬರೆದಿದ್ದಕ್ಕೆ 4 ಎಂದು ಮೊದಲ ದಿನವೇ ಬೋರ್ಡಿನ ಮೇಲೆ ಬರೆದುಬಿಡುವುದು ಒಳ್ಳೆಯದು. ಚಿತ್ರಕಲೆಯ ಲೋಯರ್ ಗ್ರೇಡ್ ಪರೀಕ್ಷೆಗೆ ಕಟ್ಟಿದವರ ತಂದೆತಾಯಿ ಇದರಿಂದ ಏನು ಬಂತು ಎಂದು ಕೇಳಿಯೇ ಕೇಳುತ್ತಾರೆ. ವಿನ್ಯಾಸದ ಪತ್ರಿಕೆಗೆ ಸ್ವಲ್ಪ ಬಂತು, ಜ್ಯಾಮಿತಿಗೆ ಕೈವಾರದಿಂದ ಸ್ವಲ್ಪ ಬಂತು, ಮಿಕ್ಕಿದ್ದಕ್ಕೆ ಏನೂ ಬರಲಿಲ್ಲ ಎಂದು ಒಪ್ಪಿಕೊಳ್ಳುವುದೇ ಮರ್ಯಾದೆ.

ಗುಡ್ಡದ ಹಿಂದಿನ ಸೂರ್ಯನ ಮಾತು ಬಾಕಿ ಇದೆ. ಆ ಹುಡುಗಿ ತಿರುಗಿ ಹೇಳಿದ ಮೇಲೆ ತರಗತಿಗೆ ಸಿಕ್ಕ ಕೆಲಸ ಇಷ್ಟು: ಎಲ್ಲರೂ ತಮ್ಮ ಮನೆಯಿಂದ ಸೂರ್ಯ ಹುಟ್ಟುವುದನ್ನು ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ನೋಡಿ, ಗುಡ್ಡದ ಸಾಲನ್ನು ಗೆರೆಯಲ್ಲಿ ಬರೆದು, ಸೂರ್ಯ ಎದ್ದ ಜಾಗಕ್ಕೆ ಚುಕ್ಕೆ ಇಡಬೇಕು. ತೋಳು ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯಿಂದ ಮಾರ್ಚ್ ಕೊನೆಯ ಹೊತ್ತಿಗೆ ಸೂರ್ಯ ಹುಟ್ಟುವ ಜಾಗ ಸುಮಾರು ಎರಡೂವರೆಯಿಂದ ಮೂರು ಮುಷ್ಟಿ ಉತ್ತರಕ್ಕೆ ಸರಿಯುತ್ತದೆ. ಎರಡು ಗುಡ್ಡದ ನಡುವೆ ಒಂದೇ ಕಡೆ ಕೂತ ಸೂರ್ಯ ಯಾರ ಹಾಳೆಯಲ್ಲೂ ಉಳಿಯಲಿಲ್ಲ. ಗುಡ್ಡವೂ ತ್ರಿಕೋನವಾಗಿ ಉಳಿಯಲಿಲ್ಲ, ಮಲಗಿದ ಎಮ್ಮೆಯ ಬೆನ್ನಿನಂತಾಯಿತು.

ಹುಡುಗಿ ಮಾರ್ಚಿನಲ್ಲಿ ತಂದ ಹಾಳೆಯಲ್ಲಿ ಗುಡ್ಡ, ಹೊಳೆ, ತೆಂಗು ಎಲ್ಲ ಇತ್ತು. ಸೂರ್ಯನಿಗೆ ಮಾತ್ರ ಕೆಂಪಿಲ್ಲ, ಕಿರಣವೂ ಇಲ್ಲ. ಗುಡ್ಡ ದಾಟಿ ಮೇಲೆ ಬರುವ ಹೊತ್ತಿಗೆ ಅದರ ಕೆಂಪೆಲ್ಲ ಕಳೆದು ಕಣ್ಣು ಕುಕ್ಕುವ ಬೆಳಕಾಗಿರುತ್ತದೆ. ನಮ್ಮೂರಲ್ಲಿ ಕೆಂಪು ಸೂರ್ಯ ಕಾಣುವುದು ಸಂಜೆ, ಸಮುದ್ರದ ಮೇಲೆ. ಸುತ್ತ ಆಕಾಶಕ್ಕೆಲ್ಲ ತೆಳುವಾಗಿ ಬಣ್ಣ ಕೊಟ್ಟು ಆ ದುಂಡಗಿನ ಜಾಗವನ್ನು ಅವಳು ಹಾಗೇ ಬಿಟ್ಟಿದ್ದಳು. ಅಲ್ಲಿ ಕಾಣುತ್ತಿದ್ದುದು ಕಾಗದದ ಬಿಳಿ.